ಮರ ಉಜ್ಜುವ ವಿದ್ಯುದ್ಯಂತ್ರಗಳೂ ಧೂಳು ಹೀರುವ ಕೊಳವೆಗಳೂ

ಒಕ್ಕಲುತನದ ಸಲಕರಣೆಗಳಲ್ಲಿ ಕಬ್ಬಿಣದ ಬಳಕೆಯು ಎಷ್ಟೇ ಹೆಚ್ಚಿದ್ದರೂ ಕಟ್ಟಿಗೆಯ ಕೆಲಸವು ಇನ್ನೂ ನಿಂತಿರುವುದಿಲ್ಲ. ಗುದ್ದಲಿ, ಕೊಡಲಿ, ಸಲಿಕೆಗಳ ಕಾವು, ಎತ್ತಿನ ನೊಗ, ಕುಂಟೆಯ ದಿಂಡು, ಕೂರಿಗೆಯ ಬಟ್ಟಲು, ಬಂಡಿಯ ಬಿಡಿಭಾಗಗಳು ಇವೆಲ್ಲವೂ ಈಗಲೂ ಬಡಿಗನ ಕೈಯಿಂದಲೇ ಹೊರಬೀಳುತ್ತವೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನ ಶಿಗ್ಲಿಯಲ್ಲಿ ಒಕ್ಕಲಿಗರ ಜೊತೆಗೆ ನೇಕಾರರೂ ಇರುವುದರಿಂದ, ಅಂಥ ಊರಿನ ಬಡಿಗನಿಗೆ ಕೂರಿಗೆ ಕುಂಟೆಗಳ ಕೆಲಸದೊಡನೆ ಮಗ್ಗದ ಕಟ್ಟಿಗೆಯ ಕೆಲಸವೂ ಬರುವುದು ಸಹಜ.

ಈ ಎಲ್ಲ ಕೆಲಸಗಳಲ್ಲಿಯೂ ಕಟ್ಟಿಗೆಯನ್ನು ನುಣುಪು ಮಾಡುವುದು ಕೇವಲ ಅಂದಕ್ಕಾಗಿ ಅಲ್ಲ. ನೊಗದಲ್ಲಿ ಸಿಬಿರು ಉಳಿದರೆ ಎತ್ತಿನ ಹೆಗಲು ಹುಣ್ಣಾಗುವುದು. ಕೂರಿಗೆಯ ಬಟ್ಟಲಿನ ಒಳಮೈ ಒರಟಾಗಿದ್ದರೆ ಬೀಜವು ತಡೆದು ನಿಂತು ಸಾಲಿನಲ್ಲಿ ಅಲ್ಲಲ್ಲಿ ಬಯಲು ಬೀಳುವುದು. ಮಗ್ಗದ ಕಟ್ಟಿಗೆಯು ಒರಟಾಗಿದ್ದರೆ ನೂಲು ಸಿಕ್ಕಿ ಹರಿಯುವುದು. ಆದುದರಿಂದ ಉಜ್ಜುವ ಕೆಲಸವನ್ನು ಬಿಡುವಂತಿಲ್ಲ. ಬಿಡುವಂತಿಲ್ಲದ ಈ ಕೆಲಸದಿಂದ ಏಳುವ ಧೂಳನ್ನು ಹೇಗೆ ಹಿಡಿಯಬೇಕು, ಅದಕ್ಕಾಗಿ ಈಚಿನ ಯಂತ್ರಗಳಲ್ಲಿಯೂ ಕೊಳವೆಗಳಲ್ಲಿಯೂ ಯಾವ ಸುಧಾರಣೆಗಳಾಗಿವೆ ಎಂಬುದೇ ಈ ಪಾಠದ ವಿಷಯ.

೧. ಕೈಗೆಲಸದ ಹೊಟ್ಟು, ಯಂತ್ರದ ಹುಡಿ

ಕೀಸುಳಿಯಿಂದ ಕಟ್ಟಿಗೆಯನ್ನು ಕೆತ್ತಿದಾಗ ಸುರುಳಿ ಸುರುಳಿಯಾದ ಹೊಟ್ಟು ಕಾಲಬುಡದಲ್ಲಿ ಬೀಳುತ್ತದೆ. ಅದನ್ನು ಕಸಬರಿಗೆಯಿಂದ ಗುಡಿಸಿ ಒಲೆಗೆ ಹಾಕಬಹುದು. ಅದು ಮೂಗನ್ನು ಹೊಗುವುದಿಲ್ಲ. ವಿದ್ಯುತ್ತಿನಿಂದ ನಡೆಯುವ ಉಜ್ಜುವ ಯಂತ್ರದ, ಎಂದರೆ ಬಡಿಗರು ಸ್ಯಾಂಡರ್ ಎಂದು ಕರೆಯುವ ಯಂತ್ರದ, ಸ್ಥಿತಿ ಬೇರೆ. ಉಪ್ಪುಕಾಗದದ ಸಾವಿರಾರು ಚಿಕ್ಕ ಹರಳುಗಳು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ವೇಗದಲ್ಲಿ ಕಟ್ಟಿಗೆಯನ್ನು ಕೆರೆಯುವುದರಿಂದ ಹಿಟ್ಟಿಗಿಂತ ನುಣ್ಣಗಾದ ಹುಡಿ ಏಳುತ್ತದೆ. ಅರ್ಧ ದಿವಸದ ಕೆಲಸವು ಅರ್ಧ ಗಂಟೆಯಲ್ಲಿ ಮುಗಿಯುವುದು ನಿಜ. ಆದರೆ ಅರ್ಧ ದಿವಸದಲ್ಲಿ ಹರಡಿ ಏಳಬೇಕಾಗಿದ್ದ ಧೂಳು ಅದೇ ಅರ್ಧ ಗಂಟೆಯಲ್ಲಿ ಒಮ್ಮೆಲೆ ಎದ್ದು ಬಡಿಗನ ಮುಖದ ಸುತ್ತಲೇ ನಿಲ್ಲುವುದು.

ಹಳ್ಳಿಗಳಲ್ಲಿ ಬಡಿಗನ ಅಂಗಡಿಯು ಬಹುಮಟ್ಟಿಗೆ ಮನೆಯ ಪಡಸಾಲೆಯೋ ಅದಕ್ಕೆ ಹೊಂದಿದ ಚಪ್ಪರವೋ ಆಗಿರುತ್ತದೆ. ಧೂಳು ಅವನೊಬ್ಬನ ಪಾಲಿಗೆ ಮಾತ್ರ ಬರುವುದಿಲ್ಲ. ಒಳಗೆ ಅಡಿಗೆ ಮಾಡುವ ಹೆಣ್ಣುಮಕ್ಕಳೂ, ತೊಟ್ಟಿಲಲ್ಲಿ ಮಲಗಿದ ಕೂಸೂ ಅದೇ ಗಾಳಿಯನ್ನು ಉಸಿರಾಡಬೇಕಾಗುವುದು.

೨. ಮರದ ಧೂಳಿನಿಂದ ಆಗುವ ಹಾನಿ

ಕಸುಬಿನ ಧೂಳು ದೇಹವನ್ನು ಕೆಡಿಸುತ್ತದೆ ಎಂಬ ತಿಳಿವಳಿಕೆಯು ಹೊಸದಲ್ಲ. ಇಟಲಿ ದೇಶದ ವೈದ್ಯನಾದ ಬರ್ನಾರ್ಡಿನೋ ರಾಮಝೀನಿಯು ೧೭೦೦ರಲ್ಲಿ ಪ್ರಕಟಿಸಿದ ಕಸುಬುದಾರರ ರೋಗಗಳ ಗ್ರಂಥದಲ್ಲಿ ಕಾಳು ಜರಡಿ ಹಿಡಿಯುವವರೂ ಅಳೆಯುವವರೂ ಧೂಳಿನಿಂದ ಪಡುವ ಕಷ್ಟವನ್ನು ವರ್ಣಿಸಿದ್ದನು. ಮರದ ಧೂಳಿನ ವಿಷಯದಲ್ಲಿ ಇನ್ನೂ ಗಂಭೀರವಾದ ಸಂಗತಿಯು ಇಂಗ್ಲೆಂಡಿನಿಂದ ತಿಳಿದುಬಂತು. ಅಲ್ಲಿಯ ಹೈ ವಿಕೂಂ ಪಟ್ಟಣವು ಕುರ್ಚಿ ಮೇಜುಗಳ ಕೈಗಾರಿಕೆಗೆ ಹೆಸರಾದುದು. ಆ ಭಾಗದ ಬಡಿಗರಲ್ಲಿ ಮೂಗಿನೊಳಗಿನ ಒಂದು ವಿರಳ ಜಾತಿಯ ಅರ್ಬುದ ರೋಗವು ಉಳಿದ ಜನರಿಗಿಂತ ಬಹಳ ಹೆಚ್ಚಾಗಿ ಕಾಣುವುದೆಂದು ಅಲ್ಲಿಯ ವೈದ್ಯರು ೧೯೬೮ರಲ್ಲಿ ಪ್ರಕಟಪಡಿಸಿದರು. ಜಾಗತಿಕ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು ೧೯೯೫ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಅರ್ಬುದವನ್ನು ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು.

ಈ ರೋಗವು ಬಹಳ ವರ್ಷಗಳ ಧೂಳಿನ ಫಲ. ಅದಕ್ಕೂ ಮೊದಲೇ ಕಾಣುವ ತೊಂದರೆಗಳು ಬೇರೆ ಇವೆ: ಮೂಗು ಕಟ್ಟುವುದು, ಸೀನು, ಕಣ್ಣುರಿ, ಕೆಮ್ಮು, ದಮ್ಮು. ಸಾಗವಾನಿ, ಬೀಟೆಗಳ ಧೂಳಿನಿಂದ ಕೆಲವರಿಗೆ ಮೈತುರಿಕೆಯೂ ಆಗುತ್ತದೆ. ಜಾಲಿ, ಬೇವು, ಸಾಗವಾನಿ ಮುಂತಾದ ಅಗಲ ಎಲೆಯ ಮರಗಳೆಲ್ಲವೂ ಗಟ್ಟಿಮರಗಳ ವರ್ಗಕ್ಕೇ ಸೇರಿದವು. ಆದುದರಿಂದ “ಬೇವಿನ ಕಟ್ಟಿಗೆ ಔಷಧದ ಕಟ್ಟಿಗೆ, ಅದರ ಧೂಳಿನಿಂದ ಬಾಧೆಯಿಲ್ಲ” ಎಂಬ ನಂಬಿಕೆಯನ್ನು ಬಿಡತಕ್ಕದ್ದು.

ಎಷ್ಟು ಧೂಳು ಹೆಚ್ಚಾಯಿತೆಂದು ತಿಳಿಯಲು ಒಂದು ಲೆಕ್ಕವನ್ನು ನೋಡಬಹುದು. ಐರೋಪ್ಯ ಒಕ್ಕೂಟವು ೨೦೨೩ರ ಜನವರಿಯಿಂದ ಗಟ್ಟಿಮರದ ಧೂಳಿಗೆ, ಎಂಟು ಗಂಟೆಗಳ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ ೨ ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಿದೆ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಅಂಗಡಿಯಲ್ಲಿ ೩೬ ಘನ ಮೀಟರ್ ಗಾಳಿಯಿರುತ್ತದೆ. ಮಿತಿಯ ಪ್ರಕಾರ ಅದರಲ್ಲಿ ತೇಲಬಹುದಾದ ಧೂಳು ಒಟ್ಟು ೭೨ ಮಿಲಿಗ್ರಾಂ. ಒಂದು ಗ್ರಾಮಿಗೆ ಸಾವಿರ ಮಿಲಿಗ್ರಾಂ. ಎಂದರೆ ಇದು ಒಂದು ಚಿಟಿಕೆಗಿಂತಲೂ ಕಡಿಮೆ. ಒಂದು ನೊಗವನ್ನು ಉಜ್ಜಿದರೆ ಹಿಡಿಯಷ್ಟು ಹುಡಿ ಉದುರುವುದನ್ನು ಬಲ್ಲವರಿಗೆ ಈ ಮಿತಿಯು ಎಷ್ಟು ಬೇಗ ಮೀರುವುದೆಂಬುದನ್ನು ಹೇಳಬೇಕಾಗಿಲ್ಲ.

ಕಣ್ಣಿಗೆ ಕಾಣುವ ದಪ್ಪ ಹುಡಿಯು ಬೇಗ ನೆಲಕ್ಕೆ ಇಳಿಯುತ್ತದೆ. ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ಚಿಕ್ಕದಾದ ಕಣಗಳು ಬಹಳ ಹೊತ್ತು ತೇಲಾಡುತ್ತ ಎದೆಗೂಡಿಗೆ ಇಳಿಯುತ್ತವೆ. ಯಂತ್ರವನ್ನು ನಿಲ್ಲಿಸಿದ ಮೇಲೆ ಗಾಳಿ ತಿಳಿಯಾಯಿತೆಂದು ಮುಖಕ್ಕೆ ಕಟ್ಟಿದ ಬಟ್ಟೆಯನ್ನು ತೆಗೆಯುವುದು ಈ ಕಾರಣದಿಂದ ಸರಿಯಲ್ಲ.

೩. ಮೂಲ ತತ್ತ್ವ: ಹುಟ್ಟಿದಲ್ಲಿಯೇ ಹಿಡಿಯುವುದು

ಕಳೆಯನ್ನು ಬೀಜಗಟ್ಟುವ ಮೊದಲೇ ಕೀಳಬೇಕೆಂಬುದು ಒಕ್ಕಲಿಗನಿಗೆ ಗೊತ್ತಿರುವ ಮಾತು. ಒಂದು ಗಿಡವನ್ನು ಕೀಳಲಾರದವನು ಮರುವರ್ಷ ನೂರು ಗಿಡಗಳನ್ನು ಕೀಳಬೇಕಾಗುವುದು. ಧೂಳಿನ ವಿಷಯವೂ ಹೀಗೆಯೇ. ಕಟ್ಟಿಗೆಯೂ ಕಾಗದವೂ ಕೂಡುವ ಸ್ಥಳದಲ್ಲಿ ಅದನ್ನು ಹಿಡಿದರೆ ಸಣ್ಣ ಕೊಳವೆಯೊಂದು ಸಾಕು. ಅಲ್ಲಿಂದ ಹಾರಿ ಅಂಗಡಿಯಲ್ಲೆಲ್ಲ ಹರಡಿದ ಮೇಲೆ ದೊಡ್ಡ ಪಂಖೆಯಿಂದಲೂ ಪೂರ್ಣವಾಗಿ ಹೊರಹಾಕಲಾಗದು.

ಭಾರತದ ೧೯೪೮ರ ಕಾರ್ಖಾನೆ ಕಾಯಿದೆಯ ೧೪ನೆಯ ಕಲಮು ಇದೇ ತತ್ತ್ವವನ್ನು ಹೇಳಿತ್ತು: ಧೂಳನ್ನು ಎಳೆಯುವ ಸಾಧನವನ್ನು ಧೂಳು ಹುಟ್ಟುವ ಸ್ಥಳಕ್ಕೆ ಆದಷ್ಟು ಸಮೀಪದಲ್ಲಿ ಇಡತಕ್ಕದ್ದು, ಮತ್ತು ಆ ಸ್ಥಳವನ್ನು ಆದಷ್ಟು ಮುಚ್ಚಿರತಕ್ಕದ್ದು. ಆದರೆ ಆ ಕಾಯಿದೆಯು ವಿದ್ಯುಚ್ಛಕ್ತಿಯಿಂದ ನಡೆಯುವ ಸ್ಥಳಗಳಲ್ಲಿ ಸಾಮಾನ್ಯವಾಗಿ ಹತ್ತು ಜನ ಕೆಲಸಗಾರರಿದ್ದ ಕಡೆಗೆ ಮಾತ್ರ ಅನ್ವಯಿಸುತ್ತಿತ್ತು. ತಂದೆ ಮಗ ಇಬ್ಬರೇ ದುಡಿಯುವ ಹಳ್ಳಿಯ ಅಂಗಡಿಯನ್ನು ಯಾವ ಅಧಿಕಾರಿಯೂ ಬಂದು ತಪಾಸಿಸುವುದಿಲ್ಲ. ಅಲ್ಲಿ ಬಡಿಗನೇ ತನ್ನ ಉಸಿರಿನ ತಪಾಸಣೆಗಾರನಾಗಬೇಕು.

ಬಾವಿಯ ಮೇಲೆ ಕೂಡಿಸಿದ ಪಂಪಿನ ಉದಾಹರಣೆಯಿಂದ ಮುಂದಿನ ಮಾತು ಸ್ಪಷ್ಟವಾಗುವುದು. ಪಂಪು ಎಷ್ಟೇ ಬಲವುಳ್ಳದ್ದಾದರೂ ಹೀರುವ ಕೊಳವೆಯ ಜೋಡಿನಲ್ಲಿ ಸಣ್ಣ ಸಂದಿಯಿದ್ದರೆ ಅಲ್ಲಿಂದ ಗಾಳಿ ನುಗ್ಗಿ ನೀರು ಏರದೆ ನಿಲ್ಲುವುದು. ಧೂಳು ಹೀರುವ ಏರ್ಪಾಡೂ ಅಂಥದೇ ಒಂದು ಸರಪಳಿ. ಕಾಗದದ ತೂತು, ಯಂತ್ರದ ಗಾದಿ, ಜೋಡುತುಂಡು, ಕೊಳವೆ, ಚೀಲ, ಸೋಸುಪದರ ಇವು ಅದರ ಕೊಂಡಿಗಳು. ಒಂದು ಕೊಂಡಿಯು ಸಡಿಲಾದರೆ ಉಳಿದವುಗಳಿಗೆ ಹಾಕಿದ ಹಣವೆಲ್ಲವೂ ವ್ಯರ್ಥ.

೪. ಉಜ್ಜುವ ಯಂತ್ರಗಳೂ ಅವುಗಳ ಹೊಸ ಅನುಕೂಲಗಳೂ

ಕೈಯಲ್ಲಿ ಹಿಡಿದು ನಡೆಸುವ ಪಟ್ಟಿಯ ಯಂತ್ರವನ್ನು ಅಮೇರಿಕೆಯ ಪೋರ್ಟರ್ ಕೇಬಲ್ ಕಂಪನಿಯು ೧೯೨೬ರಲ್ಲಿ ಹೊರತಂದಿತು. ಇದರಲ್ಲಿ ಉಪ್ಪುಕಾಗದದ ಪಟ್ಟಿಯು ಎರಡು ಉರುಳೆಗಳ ಮೇಲೆ ಸುತ್ತುತ್ತದೆ. ದಿಂಡು, ಹಲಗೆ ಮುಂತಾದ ದೊಡ್ಡ ಒರಟು ಕೆಲಸಕ್ಕೆ ಇದು ಯೋಗ್ಯ. ಆದರೆ ಕೈ ತಪ್ಪಿದರೆ ಆಳವಾದ ಗೀರು ಬೀಳುವುದು.

ಎರಡನೆಯದು ಕಂಪನದ ಯಂತ್ರ. ಚೌಕ ಗಾದಿಯು ಇದ್ದಲ್ಲಿಯೇ ಚಿಕ್ಕ ಸುತ್ತು ಹಾಕುತ್ತದೆ. ಮೂಲೆಗಳಿಗೆ ಇದು ಅನುಕೂಲ, ಆದರೆ ಕೆಲಸ ನಿಧಾನ.

ಮೂರನೆಯದು ಈಗ ಹೆಚ್ಚು ಬಳಕೆಯಲ್ಲಿರುವ ದುಂಡು ಗಾದಿಯ ಯಂತ್ರ. ಇದರ ಗಾದಿಯು ತನ್ನ ಸುತ್ತ ತಾನೂ ತಿರುಗುತ್ತದೆ, ನಡುವಿನಿಂದ ತುಸು ಸರಿದ ಅಚ್ಚಿನ ಮೇಲೆ ಚಿಕ್ಕ ವರ್ತುಲವನ್ನೂ ಹಾಕುತ್ತದೆ. ಎರಡು ಚಲನೆಗಳು ಕೂಡುವುದರಿಂದ ಒಂದೇ ಹರಳು ಒಂದೇ ದಾರಿಯಲ್ಲಿ ಮತ್ತೆ ಹಾಯುವುದಿಲ್ಲ, ಗೀರು ಕಾಣುವುದಿಲ್ಲ. ಗಾದಿಯ ಅಗಲವು ಸಾಮಾನ್ಯವಾಗಿ ೧೨೫ ಅಥವಾ ೧೫೦ ಮಿಲಿಮೀಟರ್. ವರ್ತುಲದ ಅಳತೆ ೫ ಮಿಲಿಮೀಟರ್ ಇದ್ದರೆ ಒರಟು ಕೆಲಸಕ್ಕೆ, ೨.೫ ಮಿಲಿಮೀಟರ್ ಇದ್ದರೆ ಕೊನೆಯ ನುಣುಪಿಗೆ ಒಳ್ಳೆಯದು.

ಈಚಿನ ಸುಧಾರಣೆಗಳಲ್ಲಿ ನಾಲ್ಕು ಮುಖ್ಯವಾದವು.

(ಅ) ಗಾದಿಯ ತೂತುಗಳು. ಮೊದಲು ಗಾದಿಯ ಅಂಚಿನಲ್ಲಿ ಮಾತ್ರ ಎಂಟು ತೂತುಗಳಿರುತ್ತಿದ್ದವು. ಈಗ ನಡುಭಾಗದಲ್ಲಿಯೂ ಹಲವು ತೂತುಗಳನ್ನಿಟ್ಟು ಧೂಳು ಹತ್ತಿರದ ದಾರಿಯಿಂದ ಮೇಲೇರುವಂತೆ ಮಾಡಿರುತ್ತಾರೆ. ಕಾಗದದ ತೂತು ಗಾದಿಯ ತೂತಿಗೆ ಸರಿಯಾಗಿ ಕೂಡದಿದ್ದರೆ ಇದರಿಂದ ಪ್ರಯೋಜನವಿಲ್ಲ. ಕಾಗದವನ್ನು ಅವಸರದಿಂದ ಓರೆಯಾಗಿ ಅಂಟಿಸುವುದೇ ಧೂಳು ಏಳುವುದಕ್ಕೆ ಒಂದು ದೊಡ್ಡ ಕಾರಣ.

(ಆ) ಬಲೆಯ ಕಾಗದ. ಇದು ಜಾಳಿಗೆಯಂತೆ ನೇಯ್ದ ಬಟ್ಟೆಯ ಮೇಲೆ ಹರಳುಗಳನ್ನು ಅಂಟಿಸಿದ್ದು. ಮೈಯೆಲ್ಲ ತೂತಾದುದರಿಂದ ಕೂಡಿಸುವ ತೊಂದರೆಯಿಲ್ಲ. ಹುಡಿ ತುಂಬಿ ಕಾಗದ ಬೇಗ ಮಣ್ಣಾಗುವುದೂ ಇಲ್ಲ. ಆದರೆ ಹೀರುವ ಯಂತ್ರವಿಲ್ಲದೆ ಇದನ್ನು ನಡೆಸಿದರೆ ಗಾದಿಯ ಕೊಂಡಿನೂಲುಗಳಲ್ಲಿ ಹುಡಿ ಸಿಕ್ಕು ಗಾದಿಯೇ ಕೆಡುವುದು.

(ಇ) ಇಂಗಾಲದ ಕುಂಚಗಳಿಲ್ಲದ ಮೋಟಾರು. ಹಳೆಯ ಮೋಟಾರುಗಳಲ್ಲಿ ಇಂಗಾಲದ ತುಂಡುಗಳು ತಿರುಗುವ ಭಾಗಕ್ಕೆ ಉಜ್ಜಿ ಕಿಡಿಯಾಡುತ್ತಿದ್ದವು, ಸವೆದಾಗ ಬದಲಿಸಬೇಕಾಗುತ್ತಿತ್ತು. ಹೊಸ ಮೋಟಾರಿನಲ್ಲಿ ಅವು ಇಲ್ಲ. ಯಂತ್ರವು ಗಿಡ್ಡಾಗಿ, ಹಗುರಾಗಿ, ಕಟ್ಟಿಗೆಗೆ ಸಮೀಪವಾಗಿ ಕೂಡುತ್ತದೆ. ಭಾರ ಬಿದ್ದರೂ ವೇಗ ಕುಗ್ಗುವುದಿಲ್ಲ.

(ಈ) ತಡೆ ಮತ್ತು ಕಂಪನದ ಹತೋಟಿ. ಗುಂಡಿ ಬಿಟ್ಟ ಕೂಡಲೆ ಗಾದಿ ನಿಲ್ಲುವುದರಿಂದ ಹುಡಿ ಚೆಲ್ಲುವುದಿಲ್ಲ. ಕೈಗೆ ತಾಗುವ ನಡುಕವೂ ಅಲಕ್ಷ್ಯ ಮಾಡತಕ್ಕದ್ದಲ್ಲ. ದೀರ್ಘಕಾಲದ ನಡುಕದಿಂದ ಬೆರಳುಗಳು ಜೋಮು ಹಿಡಿಯುತ್ತವೆ. ಐರೋಪ್ಯ ಒಕ್ಕೂಟದ ೨೦೦೨ರ ನಿರ್ದೇಶದ ಪ್ರಕಾರ, ದಿನದ ಎಂಟು ಗಂಟೆಗಳ ಸರಾಸರಿಯಲ್ಲಿ, ಸೆಕೆಂಡಿನ ವರ್ಗಕ್ಕೆ ೨.೫ ಮೀಟರ್ ಅಳತೆಯ ನಡುಕಕ್ಕೆ ಎಚ್ಚರಿಕೆ ವಹಿಸಬೇಕು, ೫ ಮೀಟರನ್ನು ದಾಟಬಾರದು. ಕೊಳ್ಳುವಾಗ ಯಂತ್ರದ ಪುಸ್ತಿಕೆಯಲ್ಲಿ ಈ ಅಂಕಿಯನ್ನು ನೋಡತಕ್ಕದ್ದು.

೫. ಕೊಳವೆ ಮತ್ತು ಅದರ ಉಪಾಂಗಗಳು

ಯಂತ್ರಕ್ಕೆ ಅಂಟಿದ ಚಿಕ್ಕ ಚೀಲವು ದಪ್ಪ ಹುಡಿಯನ್ನು ಹಿಡಿದು, ಎಲ್ಲಕ್ಕಿಂತ ಕೆಟ್ಟದಾದ ನುಣ್ಣನೆಯ ಹುಡಿಯ ಬಹುಪಾಲನ್ನು ಹೊರಗೆ ಬಿಡುತ್ತದೆ. ಆದುದರಿಂದ ಬೇರೆ ಹೀರುವ ಯಂತ್ರವೂ ಅದಕ್ಕೆ ಕೊಳವೆಯೂ ಅವಶ್ಯ.

ಕೊಳವೆಯ ಅಗಲ. ಉಜ್ಜುವ ಯಂತ್ರಗಳಿಗೆ ೨೭ ಮಿಲಿಮೀಟರ್ ಮತ್ತು ೩೬ ಮಿಲಿಮೀಟರ್ ಒಳಅಗಲದ ಕೊಳವೆಗಳು ರೂಢಿಯಲ್ಲಿವೆ. ಗಾಳಿಯು ಸೆಕೆಂಡಿಗೆ ೨೦ ಮೀಟರ್ ವೇಗದಿಂದ ಹರಿದರೆ ಮೊದಲನೆಯದರಲ್ಲಿ ಸೆಕೆಂಡಿಗೆ ಸುಮಾರು ೧೧ ಲೀಟರ್, ಎರಡನೆಯದರಲ್ಲಿ ಸುಮಾರು ೨೦ ಲೀಟರ್ ಗಾಳಿ ಸಾಗುವುದು. ಅಷ್ಟೇ ಗಾಳಿಯನ್ನು ಕಿರಿದಾದ ಕೊಳವೆಯಲ್ಲಿ ಎಳೆಯಬೇಕಾದರೆ ತಡೆಯು ನಾಲ್ಕು ಪಟ್ಟಿನಷ್ಟು ಹೆಚ್ಚುವುದು. ಕಿರಿಯ ಕೊಳವೆ ಹಗುರಾಗಿ ಕೈಗೆ ಒಗ್ಗುತ್ತದೆ. ಪಟ್ಟಿಯ ಯಂತ್ರದಂಥ ಹೆಚ್ಚು ಹುಡಿಯ ಕೆಲಸಕ್ಕೆ ಹಿರಿಯದೇ ಬೇಕು. ಉದ್ದವು ಕೆಲಸಕ್ಕೆ ಬೇಕಾದಷ್ಟೇ ಇರಲಿ. ಅನವಶ್ಯಕ ಉದ್ದವೂ ಸುತ್ತಿಬಿದ್ದ ಮಡಿಕೆಗಳೂ ಎಳೆತವನ್ನು ಕುಗ್ಗಿಸುತ್ತವೆ.

ಸ್ಥಿರವಿದ್ಯುತ್ತಿನ ತಡೆ. ಒಣಹವೆಯಲ್ಲಿ ಹುಡಿಯು ಪ್ಲಾಸ್ಟಿಕ್ ಕೊಳವೆಯ ಒಳಮೈಗೆ ಉಜ್ಜುವುದರಿಂದ ವಿದ್ಯುತ್ತು ಹುಟ್ಟಿ ಕೈಗೆ ಚುರುಕು ಮುಟ್ಟಿಸುವುದು. ಹುಡಿಯೂ ಒಳಗೆ ಅಂಟಿಕೊಳ್ಳುವುದು. ಶಿಗ್ಲಿಯ ಬೇಸಿಗೆಯಲ್ಲಿ ಇದು ಹೆಚ್ಚು. ವಿದ್ಯುತ್ತನ್ನು ಹರಿಯಗೊಡುವ ವಿಶೇಷ ಕೊಳವೆಗಳು ಈಗ ದೊರೆಯುತ್ತವೆ. ಆದರೆ ಅವು ಆ ವಿದ್ಯುತ್ತನ್ನು ಹೀರುವ ಯಂತ್ರದ ಮೂಲಕ ಭೂಮಿಗೆ ಮುಟ್ಟಿಸಬೇಕಾದುದರಿಂದ ಮೂರು ಕಡ್ಡಿಯ ಪ್ಲಗ್ಗೂ ಸರಿಯಾದ ಅರ್ಥಿಂಗೂ ಇರಲೇಬೇಕು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಅಂಥ ಕೊಳವೆಯು ಸಾದಾ ಕೊಳವೆಯಂತೆಯೇ.

ಜೋಡುತುಂಡುಗಳು. ಒಂದು ತಯಾರಕನ ಯಂತ್ರಕ್ಕೆ ಇನ್ನೊಬ್ಬನ ಕೊಳವೆ ಕೂಡದಿರುವುದು ಹಳೆಯ ಪೀಡೆ. ಮೆಟ್ಟಿಲು ಮೆಟ್ಟಿಲಾಗಿ ಅಗಲವು ಬದಲಾಗುವ ರಬ್ಬರಿನ ಜೋಡುತುಂಡು ಇದಕ್ಕೆ ಸುಲಭ ಪರಿಹಾರ. ಬೇಕಾದ ಅಳತೆಯಲ್ಲಿ ಅದನ್ನು ಕೊಯ್ದು ಕೂಡಿಸಬಹುದು. ತಿರುಗುವ ಕೊರಳಿರುವ ತುಂಡುಗಳಿಂದ ಕೊಳವೆ ಹುರಿಗೊಳ್ಳುವುದಿಲ್ಲ; ತಿರುಪಿ ಬಿಗಿಯುವ ತುಂಡುಗಳು ಕೆಲಸದ ನಡುವೆ ಕಳಚುವುದಿಲ್ಲ. ಬಟ್ಟೆಯ ಚಿಂದಿ ಸುತ್ತಿ ಜೋಡಿಸುವ ಪದ್ಧತಿಯನ್ನು ಬಿಡತಕ್ಕದ್ದು. ಪಂಪಿನ ಹೀರುಕೊಳವೆಗೆ ಚಿಂದಿ ಸುತ್ತಿ ನೀರೆತ್ತುವವರು ಯಾರೂ ಇಲ್ಲ.

ತಾನಾಗಿ ನಡೆಯುವ ಪ್ಲಗ್ಗು. ಹೀರುವ ಯಂತ್ರದ ಮೈಮೇಲೆಯೇ ಒಂದು ಪ್ಲಗ್ಗಿನ ಸ್ಥಳವಿದ್ದು, ಉಜ್ಜುವ ಯಂತ್ರವನ್ನು ಅದಕ್ಕೆ ಕೂಡಿಸಿದರೆ ಎರಡೂ ಒಟ್ಟಿಗೆ ನಡೆಯುತ್ತವೆ. ಉಜ್ಜುವುದು ನಿಂತ ಮೇಲೆ ಹೀರುವುದು ಕೆಲವು ಸೆಕೆಂಡು ಮುಂದುವರಿದು ಕೊಳವೆಯನ್ನು ಬರಿದು ಮಾಡುತ್ತದೆ. ಬ್ಯಾಟರಿಯ ಯಂತ್ರಗಳಿಗಾಗಿ ತಂತಿಯಿಲ್ಲದೆ ಸಂಕೇತ ಕಳಿಸುವ ಗುಂಡಿಯನ್ನು ಕೊಳವೆಯ ತುದಿಗೆ ಕಟ್ಟುವ ಏರ್ಪಾಡೂ ಬಂದಿದೆ.

ಸೋಸುಪದರ. ಐರೋಪ್ಯ ಮಾನದಂಡದಲ್ಲಿ ಹೀರುವ ಯಂತ್ರಗಳಿಗೆ ಎಲ್, ಎಂ, ಎಚ್ ಎಂಬ ಮೂರು ದರ್ಜೆಗಳಿವೆ. ಸೋಸುಪದರವನ್ನು ದಾಟಿ ಹೊರಬೀಳಬಹುದಾದ ಪರೀಕ್ಷಾ ಧೂಳಿನ ಪಾಲು ಎಲ್ ದರ್ಜೆಗೆ ಹೆಚ್ಚೆಂದರೆ ನೂರಕ್ಕೆ ೧, ಎಂ ದರ್ಜೆಗೆ ೦.೧, ಎಚ್ ದರ್ಜೆಗೆ ೦.೦೦೫. ಮರದ ಕೆಲಸಕ್ಕೆ ಎಂ ದರ್ಜೆಯು ತಕ್ಕದ್ದು. ಅದರಲ್ಲಿ ಕೊಳವೆಯೊಳಗಿನ ವೇಗವು ಸೆಕೆಂಡಿಗೆ ೨೦ ಮೀಟರಿಗಿಂತ ಇಳಿದರೆ ಎಚ್ಚರಿಕೆಯ ಸದ್ದಾಗುವುದು. ಮನೆಯ ಕಸ ಹೀರುವ ಸಾದಾ ಯಂತ್ರವು ಮುಂದಿನಿಂದ ಹೀರಿದ ನುಣ್ಣನೆಯ ಹುಡಿಯನ್ನು ಹಿಂದಿನಿಂದ ಅಂಗಡಿಗೇ ಊದುವ ಸಂಭವವಿರುವುದರಿಂದ ಅದನ್ನು ನಂಬತಕ್ಕದ್ದಲ್ಲ.

ಸುಳಿಯ ಡಬ್ಬಿ. ಹೀರುವ ಯಂತ್ರಕ್ಕೆ ಮೊದಲು, ಬಿಗಿ ಮುಚ್ಚಳದ ಒಂದು ಪೀಪಾಯಿಯ ಮೇಲೆ ಕೊಳವೆಯಾಕಾರದ ಸುಳಿಯ ಪಾತ್ರೆಯನ್ನು ಕೂಡಿಸಬಹುದು. ಗಾಳಿಯು ಅದರಲ್ಲಿ ಸುಂಟರಗಾಳಿಯಂತೆ ಸುತ್ತುವಾಗ ಭಾರವಾದ ಹುಡಿ ಅಂಚಿಗೆ ಸಿಡಿದು ಪೀಪಾಯಿಯಲ್ಲಿ ಬೀಳುವುದು. ಸೋಸುಪದರವು ಬಹುಕಾಲ ಕಟ್ಟದೆ ಉಳಿಯುವುದು. ಕಡಿಮೆ ವೆಚ್ಚದಲ್ಲಿ ಹೆಚ್ಚು ಲಾಭ ಕೊಡುವ ಉಪಾಂಗವಿದು.

೬. ವಿದ್ಯುತ್ತು ಮತ್ತು ಬೆಂಕಿಯ ಎಚ್ಚರಿಕೆ

೪೦೦ ವಾಟಿನ ಉಜ್ಜುವ ಯಂತ್ರವೂ ೧೪೦೦ ವಾಟಿನ ಹೀರುವ ಯಂತ್ರವೂ ಕೂಡಿ ನಡೆದರೆ ೨೩೦ ವೋಲ್ಟಿನಲ್ಲಿ ಸುಮಾರು ೮ ಆಂಪಿಯರ್ ವಿದ್ಯುತ್ತು ಹರಿಯುವುದು. ದೀಪದ ಪ್ಲಗ್ಗಿಗಾಗಲಿ ತೆಳುವಾದ ತಂತಿಗಾಗಲಿ ಇದು ತಕ್ಕುದಲ್ಲ. ೧೬ ಆಂಪಿಯರಿನ ಪ್ಲಗ್ಗನ್ನು ಹಾಕಿಸಿಕೊಳ್ಳಬೇಕು.

ಬಡಿಗತನವೂ ಕಂಬಾರಿಕೆಯೂ ಒಂದೇ ಚಪ್ಪರದಲ್ಲಿ ನಡೆಯುವ ಕಡೆಗಳಲ್ಲಿ ವಿಶೇಷ ಅಪಾಯವಿದೆ. ಕುಂಟೆಯ ಕುಡವನ್ನು ಸಾಣೆಯ ಯಂತ್ರಕ್ಕೆ ಹಿಡಿದಾಗ ಏಳುವ ಕಿಡಿಯನ್ನು ಮರದ ಹುಡಿ ತುಂಬಿದ ಯಂತ್ರದಿಂದ ಎಂದಿಗೂ ಹೀರಿಸಬಾರದು. ಒಂದು ಕಿಡಿಯು ಚೀಲದೊಳಗೆ ಹೊಗೆಯಾಡುತ್ತ ಕುಳಿತು, ಅಂಗಡಿ ಮುಚ್ಚಿ ಎಲ್ಲರೂ ಮಲಗಿದ ಮೇಲೆ ಉರಿಯಾಗಬಹುದು. ಅಗಸೆ ಎಣ್ಣೆಯನ್ನು ಒರೆಸಿದ ಬಟ್ಟೆಯೂ, ಆ ಎಣ್ಣೆ ಹತ್ತಿದ ಹುಡಿಯೂ ಮುದ್ದೆಯಾಗಿ ಬಿದ್ದಲ್ಲಿ ತಾವಾಗಿಯೇ ಕಾಯ್ದು ಹೊತ್ತಿಕೊಳ್ಳುತ್ತವೆ. ಬಟ್ಟೆಯನ್ನು ಬಿಡಿಸಿ ಬಯಲಲ್ಲಿ ಒಣಗಿಸಬೇಕು. ಚೀಲವನ್ನು ಪ್ರತಿ ಸಾಯಂಕಾಲ ಮನೆಯ ಹೊರಗೆ ಬರಿದು ಮಾಡಬೇಕು.

೭. ಅಲ್ಪ ಬಂಡವಾಳದವರು ಮಾಡತಕ್ಕ ಕ್ರಮ

ಎಲ್ಲವನ್ನೂ ಒಮ್ಮೆಲೆ ಕೊಳ್ಳುವುದು ಹಳ್ಳಿಯ ಬಡಿಗನಿಗೆ ಸಾಧ್ಯವಾಗಲಾರದು. ಆಗ ಬೆಲೆಬಾಳುವ ಉಜ್ಜುವ ಯಂತ್ರಕ್ಕಿಂತ ಮೊದಲು ಒಳ್ಳೆಯ ಹೀರುವ ಯಂತ್ರಕ್ಕೂ ಬಿಗಿಯಾದ ಜೋಡುತುಂಡಿಗೂ ಹಣ ಹಾಕುವುದು ಲೇಸು. ಉಜ್ಜುವ ಯಂತ್ರವು ಹಳೆಯದಾದರೂ ಅದರ ಬಾಯಿಗೆ ಕೊಳವೆ ಕೂಡುವಂತಿದ್ದರೆ ಸಾಕು. ಅದೂ ಆಗುವವರೆಗೆ ಯಂತ್ರವನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಡದೆ ಪಕ್ಕ ಕೊಟ್ಟು ನಿಂತು ನಡೆಸತಕ್ಕದ್ದು. ಬೆನ್ನು ಕೊಟ್ಟರೆ ಎದೆಯ ಮುಂದೆ ಗಾಳಿಯು ಸುಳಿಗೊಂಡು ಧೂಳು ಮುಖಕ್ಕೆ ಏರುವುದು. ಮೂಗಿಗೆ ಟವೆಲು ಸುತ್ತುವುದರಿಂದ ನುಣ್ಣನೆಯ ಹುಡಿ ನಿಲ್ಲದು. ಎನ್ ೯೫ ದರ್ಜೆಯ ಮುಖವಾಡವು ಮುಖಕ್ಕೆ ಬಿಗಿಯಾಗಿ ಕೂತರೆ ಅತಿ ಸಣ್ಣ ಕಣಗಳನ್ನೂ ನೂರಕ್ಕೆ ೯೫ರಷ್ಟು ತಡೆಯುವುದು. ಹೀರುವ ಯಂತ್ರವಿದ್ದರೂ ಇದನ್ನು ಕಟ್ಟಿಕೊಳ್ಳುವುದು ಒಳ್ಳೆಯದು. ಒಣ ನೆಲವನ್ನು ಗುಡಿಸುವುದು, ಮೈಮೇಲಿನ ಹುಡಿಯನ್ನು ಗಾಳಿಯಿಂದ ಊದುವುದು ಇವೆರಡೂ ಇಳಿದ ಧೂಳನ್ನು ಮತ್ತೆ ಎಬ್ಬಿಸುವ ಕೆಲಸಗಳು. ಅವನ್ನು ಬಿಟ್ಟು ಕೊಳವೆಯಿಂದಲೇ ಹೀರಿಸಬೇಕು.

ಏರ್ಪಾಡು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಬೆಲೆಬಾಳುವ ಸಾಧನ ಬೇಕಾಗಿಲ್ಲ. ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿಯಿಂದ ಬಿಸಿಲಕೋಲು ಇಳಿಯುವುದನ್ನು ಎಲ್ಲರೂ ಕಂಡಿದ್ದಾರೆ. ಬಾಗಿಲು ಮುಚ್ಚಿ, ಆ ಬೆಳಕಿನ ಕೆಳಗೆ ಯಂತ್ರವನ್ನು ನಡೆಸಿ, ಪಕ್ಕದ ಕತ್ತಲೆಯಲ್ಲಿ ನಿಂತು ನೋಡಬೇಕು. ಸಾದಾ ಬೆಳಕಿನಲ್ಲಿ ಕಾಣದ ಹುಡಿಯು ಅಲ್ಲಿ ಹೊಗೆಯಂತೆ ಕಾಣುವುದು. ಅದು ಗಾದಿಯ ಅಂಚಿನಿಂದ ಏಳುತ್ತಿದ್ದರೆ ಕಾಗದದ ತೂತು ತಪ್ಪಿದೆ. ಕೊಳವೆಯ ಕೊರಳಿನಲ್ಲಿ ಏಳುತ್ತಿದ್ದರೆ ಜೋಡು ಸಡಿಲಾಗಿದೆ. ಹೀರುವ ಯಂತ್ರದ ಹಿಂಬದಿಯಿಂದ ಬರುತ್ತಿದ್ದರೆ ಸೋಸುಪದರವು ಹರಿದಿದೆ. ತಿಂಗಳಿಗೊಮ್ಮೆಯಾದರೂ ಈ ಪರೀಕ್ಷೆಯನ್ನು ಮಾಡತಕ್ಕದ್ದು. ಬೆಳಕಿಂಡಿಯಿಲ್ಲದ ಮನೆಯಲ್ಲಿ ರಾತ್ರಿ ಬ್ಯಾಟರಿಯ ಬೆಳಕಿನಿಂದ ಇದೇ ಕೆಲಸವಾಗುವುದು.

ಇಲ್ಲಿ ಹೇಳಿದ ತತ್ತ್ವವು ಬಡಿಗರಿಗೆ ಮಾತ್ರ ಸಲ್ಲುವುದಲ್ಲ. ಜೋಳದ ರಾಶಿ ಮಾಡುವಾಗ, ಶೇಂಗಾ ಸುಲಿಯುವ ಯಂತ್ರದ ಮುಂದೆ, ಒಣ ಮೆಣಸಿನಕಾಯಿ ಕುಟ್ಟುವಲ್ಲಿ ಏಳುವ ಧೂಳನ್ನೂ ಹುಟ್ಟಿದಲ್ಲಿಯೇ ಹಿಡಿಯುವುದು ಇಲ್ಲವೆ ಕೆಲಸಗಾರರಿಂದ ದೂರ ತಿರುಗಿಸುವುದು ಸಾಧ್ಯವಿದೆ. ಈ ಸಲದ ಸುಗ್ಗಿಗೆ ಕೂರಿಗೆ ಕುಂಟೆಗಳನ್ನು ದುರಸ್ತಿಗೆ ಕೊಡುವ ಒಕ್ಕಲಿಗರು ತಮ್ಮ ಊರಿನ ಬಡಿಗನಿಗೆ ಈ ಪಾಠವನ್ನು ಓದಿ ಹೇಳುವುದು ಯೋಗ್ಯ. ಒಂದು ಜೋಡುತುಂಡಿನ ಬೆಲೆಯನ್ನು ಮುಂಗಡವಾಗಿ ಕೊಟ್ಟು ಕೂಲಿಯಲ್ಲಿ ಮುರಿದುಕೊಂಡರೂ ನಷ್ಟವಿಲ್ಲ. ಊರಿನ ಸಲಕರಣೆಗಳು ಸರಿಯಾಗಿರಬೇಕಾದರೆ ಅವನ್ನು ಮಾಡುವವನ ಎದೆಯೂ ಸರಿಯಾಗಿರಬೇಕು.